ಆಟದಿಂದ ಪಾಠಕ್ಕೆ

ತುಮಕೂರಿನ ನಮ್ಮ ಕಾಲೇಜಿಗೆ ಕುಣಿಗಲಿನ ಕಡೆಯಿಂದ ಬರುವ ಹುಡುಗನೊಬ್ಬನಿದ್ದಾನೆ. ಕ್ರಿಕೆಟ್ಟಿನಲ್ಲಿ ಒಳ್ಳೆಯ ಬೌಲರ್. ಮೊಣಕಾಲಿಗೆ ಬಿದ್ದ ಪೆಟ್ಟು ಈ ವರ್ಷ ಅವನ ಆಟವನ್ನು ನಿಲ್ಲಿಸಿಬಿಟ್ಟಿತು. "ಚಿಕ್ಕ ಹುಡುಗರಿಗಾದರೂ ಹೇಳಿಕೊಡಬಾರದೇನಪ್ಪ?" ಎಂದೆ. "ಆಡಲಾರದವನು ಆಡಿಸುವುದು ಸೋತ ಹಾಗಲ್ಲವೆ ಸಾರ್?" ಎಂದ.

ಆ ಮಾತು ನನ್ನನ್ನು ಚುಚ್ಚಿತು. ಒಂದು ಕಾಲಕ್ಕೆ ಕವಿಯಾಗಬೇಕೆಂದು ಹಂಬಲಿಸಿ, ಈಗ ಪರರ ಕವಿತೆಗಳನ್ನು ಪಾಠ ಹೇಳಿ ಬದುಕುತ್ತಿರುವವನು ನಾನು. ಹುಡುಗ ತನ್ನನ್ನು ಕೇಳಿಕೊಂಡ ಪ್ರಶ್ನೆ ನನ್ನದೂ ಆಗಿದ್ದಿತು.

ಆಗ ನನಗೆ ನೆನಪಾದವರು ಬೆಂಗಳೂರಿನ ರಾಹುಲ್ ದ್ರಾವಿಡ್. 1996ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಮೊದಲ ಟೆಸ್ಟಿನಲ್ಲೇ 95 ರನ್ನು ಹೊಡೆದು, ಒಟ್ಟು 164 ಟೆಸ್ಟುಗಳಲ್ಲಿ 13,288 ರನ್ನು ಕೂಡಿಹಾಕಿ, 2012ರಲ್ಲಿ ಬ್ಯಾಟನ್ನು ಕೆಳಗಿಟ್ಟವರು. ಇಷ್ಟಿದ್ದೂ ವಿಶ್ವಕಪ್ ಅವರಿಗೆ ಒಲಿಯಲಿಲ್ಲ. 2007ರಲ್ಲಿ ಅವರು ನಾಯಕರಾಗಿದ್ದ ತಂಡ ವೆಸ್ಟ್ ಇಂಡೀಸಿನಲ್ಲಿ ಬಾಂಗ್ಲಾದೇಶಕ್ಕೂ ಶ್ರೀಲಂಕಾಕ್ಕೂ ಸೋತು ಮೊದಲ ಸುತ್ತಿನಲ್ಲೇ ಹಿಂದಿರುಗಿತು.

2015ರಲ್ಲಿ ಅವರು ತರಬೇತುದಾರರಾಗಿ ಕೈಹಿಡಿದದ್ದು ಹೆಸರಾಂತ ಆಟಗಾರರನ್ನಲ್ಲ. 'ಎ' ತಂಡವನ್ನು ಮತ್ತು ಹತ್ತೊಂಬತ್ತರೊಳಗಿನ ಹುಡುಗರನ್ನು. 2016ರಲ್ಲಿ ಆ ಹುಡುಗರು ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಸೋತರು. 2018ರಲ್ಲಿ ಆಸ್ಟ್ರೇಲಿಯಾವನ್ನು ಮಣಿಸಿ ಗೆದ್ದರು. ಕ್ರಿಕೆಟ್ ಮಂಡಳಿ ಗುರುವಿಗೆ 50 ಲಕ್ಷ, ಅವರ ಸಹಾಯಕರಿಗೆ ತಲಾ 20 ಲಕ್ಷ ರೂಪಾಯಿ ಬಹುಮಾನ ಸಾರಿತು. ಈ ಭೇದ ದ್ರಾವಿಡರಿಗೆ ಒಪ್ಪಿಗೆಯಾಗಲಿಲ್ಲ. ಕಡೆಗೆ ಎಲ್ಲರಿಗೂ ಸಮನಾಗಿ 25 ಲಕ್ಷ ಸಂದಿತು. ಹುಡುಗರಿಗೆ ಹೇಳಿದ ಪಾಠಗಳಲ್ಲಿ ಇದಕ್ಕಿಂತ ಮಿಗಿಲಾದುದು ಯಾವುದಿದ್ದೀತು?

2021ರಲ್ಲಿ ದೇಶದ ತಂಡವೇ ಅವರ ಹೊಣೆಯಾಯಿತು. 2023ರ ನವೆಂಬರಿನಲ್ಲಿ ಅಹಮದಾಬಾದಿನ ಅಂತಿಮ ಪಂದ್ಯ ಕೈತಪ್ಪಿತು. ಮರುವರ್ಷ ಜೂನ್ 29ರಂದು, ಬಾರ್ಬಡೋಸಿನ ಬ್ರಿಜ್‌ಟೌನಿನಲ್ಲಿ, ದಕ್ಷಿಣ ಆಫ್ರಿಕಾವನ್ನು 7 ರನ್ನುಗಳಿಂದ ಸೋಲಿಸಿ ಭಾರತ ಟಿ-20 ವಿಶ್ವಕಪ್ ಗೆದ್ದಿತು. ಹದಿನೇಳು ವರ್ಷಗಳ ಹಿಂದೆ ತಲೆ ತಗ್ಗಿಸಿ ಬಂದಿದ್ದ ಅದೇ ವೆಸ್ಟ್ ಇಂಡೀಸ್! ಎಂದೂ ಮೌನಿಯಾಗಿದ್ದ ಗುರು ಅಂದು ಕಪ್ಪನ್ನೆತ್ತಿ ಕೂಗಿದ ಕೂಗನ್ನು ಲೋಕವೇ ಕಂಡಿತು. ಆಗಲೂ 5 ಕೋಟಿ ಬೇಡವೆಂದು, ಉಳಿದ ತರಬೇತುದಾರರಷ್ಟೇ ಎರಡೂವರೆ ಕೋಟಿ ಸಾಕೆಂದರೆಂದು ಪತ್ರಿಕೆಗಳು ಬರೆದವು.

ಇದು ನಮ್ಮ ಜಿಲ್ಲೆಗೆ ಹೊಸತಲ್ಲ. ಗುಬ್ಬಿ ವೀರಣ್ಣನವರು ಎಳೆಯ ಬಾಲಕನಾಗಿ ನಾಟಕದ ಕಂಪನಿಯನ್ನು ಸೇರಿ, ಹಾಸ್ಯನಟರಾಗಿ ಮೆರೆದು, ಕಂಪನಿಯ ಒಡೆಯರಾದವರು. ರಾಜಕುಮಾರ್ ಬಾಲ್ಯದಲ್ಲಿ ಬಣ್ಣ ಹಚ್ಚಿದ್ದು ಅವರ ಕಂಪನಿಯಲ್ಲಿ, ಬಿ. ವಿ. ಕಾರಂತರನ್ನು ಕಾಶಿಗೆ ಓದಲು ಕಳುಹಿಸಿದವರೂ ಅವರೇ. ತಮ್ಮ ವೇಷ ಕಳಚಿದ ಮೇಲೂ ಉಳಿಯುವಂಥ ಆಟವನ್ನು ಅವರು ಕಟ್ಟಿದರು.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. "ಅವರು ಮೊದಲು ಆಡಿ ಹೆಸರು ಮಾಡಿದವರು ಸಾರ್" ಎಂದ. ನಿಜ, ನಾನು ಸುಮ್ಮನಾದೆ. ಆದರೆ ಒಂದು ಸಂಜೆ ಮೈದಾನದ ಪಕ್ಕದಲ್ಲಿ ಹಾದುಹೋಗುವಾಗ, ಅವನು ಕುಂಟುತ್ತಲೇ ಬಂದು ಚಿಕ್ಕವನೊಬ್ಬನ ಬೆರಳುಗಳನ್ನು ಚೆಂಡಿನ ಹೊಲಿಗೆಯ ಮೇಲೆ ಒಂದೊಂದಾಗಿ ಕೂರಿಸುತ್ತಿದ್ದುದನ್ನು ಕಂಡೆ. ಮಾತನಾಡಿಸದೆ ಮನೆಗೆ ಬಂದೆ. ಮರುದಿನದ ಪಾಠಕ್ಕೆ ಅಂದು ಎಂದಿಗಿಂತ ಹೆಚ್ಚು ಹೊತ್ತು ಓದಿದೆ.