ಮಹಿಳೆಯರಿಗೆ ಮೊಬೈಲ್ ಮೂಲಕ ಹಣಕಾಸು ಮಾರ್ಗದರ್ಶನ: ಸೇವೆಯ ವಿನ್ಯಾಸ ಹೇಗಿರಬೇಕು?

2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡುವುದು ಅಗತ್ಯ. ತಾವೇ ನಿರ್ವಹಿಸುವ ಬ್ಯಾಂಕ್ ಖಾತೆಯುಳ್ಳ ಮಹಿಳೆಯರ ಪ್ರಮಾಣ ದೇಶದಲ್ಲಿ ಸುಮಾರು ಶೇ. 79. ತಾವೇ ಬಳಸುವ ಮೊಬೈಲ್ ಫೋನ್ ಉಳ್ಳವರ ಪ್ರಮಾಣ ಸುಮಾರು ಶೇ. 54. ಹಿಂದಿನ ಸಮೀಕ್ಷೆಯ (2015-16) ಹೊತ್ತಿಗೆ ಖಾತೆಯುಳ್ಳವರು ಶೇ. 53 ಮಾತ್ರವಿದ್ದರು. 2014ರಲ್ಲಿ ಆರಂಭವಾದ ಜನಧನ ಯೋಜನೆಯ ನಂತರ ಖಾತೆಗಳು ವೇಗವಾಗಿ ಹೆಚ್ಚಿದವು; ಸ್ವಂತ ಫೋನು ಅದೇ ವೇಗದಲ್ಲಿ ಮಹಿಳೆಯರ ಕೈ ಸೇರಲಿಲ್ಲ.

ಸಿದ್ಧ ಉಡುಪು, ಅಗರಬತ್ತಿ, ಹಪ್ಪಳ, ಆಹಾರ ಸಂಸ್ಕರಣೆ ಮೊದಲಾದ ಉದ್ದಿಮೆಗಳು ನಿಂತಿರುವುದೇ ಮಹಿಳೆಯರ ದುಡಿಮೆಯ ಮೇಲೆ. ಸಂಬಳ ಬಟವಾಡೆಯಾದ ವಾರದೊಳಗೆ ಮುಂಗಡ ಕೇಳಿ ಬರುವುದು, ಸಾಲದ ಕಂತಿನ ದಿನ ಗೈರುಹಾಜರಾಗುವುದು, ವಸೂಲಿಗಾರರ ಕಾಟ ತಾಳಲಾರದೆ ನುರಿತ ಕೆಲಸಗಾರ್ತಿ ಊರು ಬಿಡುವುದು ಇವೆಲ್ಲ ಸಣ್ಣ ಘಟಕದ ಮಾಲೀಕರಿಗೆ ಹೊಸದಲ್ಲ. ಆದುದರಿಂದ ಮಹಿಳೆಯರಿಗೆ ಹಣಕಾಸಿನ ತಿಳಿವಳಿಕೆ ನೀಡುವ ಸೇವೆಯನ್ನು ಕೇವಲ ಸಮಾಜ ಸೇವೆಯೆಂದು ಬದಿಗಿಡುವಂತಿಲ್ಲ. ಸ್ವಂತ ಘಟಕ ನಡೆಸುವ ಮಹಿಳೆಯರಿಗಂತೂ ಮನೆಯ ಹಣವನ್ನೂ ವ್ಯಾಪಾರದ ಹಣವನ್ನೂ ಬೇರ್ಪಡಿಸುವುದೇ ಮೊದಲ ಪಾಠ.

ಇಂತಹ ಸೇವೆಯೆಂದರೆ ಒಂದು ಆ್ಯಪ್ ತಯಾರಿಸಿ ಹಂಚುವುದೆಂಬ ಭಾವನೆ ಸಾಮಾನ್ಯವಾಗಿದೆ. ಅನುಭವವಾದರೋ ಬೇರೆಯದನ್ನೇ ಹೇಳುತ್ತದೆ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಮ್ಹಸ್ವಡದಲ್ಲಿ ಚೇತನಾ ಸಿನ್ಹಾ ಅವರ ನೇತೃತ್ವದಲ್ಲಿ ಮಾಣ್ ದೇಶಿ ಮಹಿಳಾ ಸಹಕಾರಿ ಬ್ಯಾಂಕ್ 1997ರಲ್ಲಿ ಸ್ಥಾಪನೆಯಾಯಿತು. ಪ್ರವರ್ತಕಿಯರಲ್ಲಿ ಅನೇಕರು ಅನಕ್ಷರಸ್ಥರೆಂಬ ಕಾರಣಕ್ಕೆ ಮೊದಲ ಅರ್ಜಿ ತಿರಸ್ಕೃತವಾಗಿತ್ತು. ಆಗ ಆ ಮಹಿಳೆಯರು, ತಮಗೆ ಓದು ಬಾರದಿದ್ದರೂ ಲೆಕ್ಕ ಬರುತ್ತದೆ, ಯಾವುದೇ ಅಸಲಿಗೆ ಬಡ್ಡಿಯನ್ನು ಬಾಯಲ್ಲೇ ಹೇಳಬಲ್ಲೆವು ಎಂದು ರಿಸರ್ವ್ ಬ್ಯಾಂಕಿನ ಅಧಿಕಾರಿಗಳ ಮುಂದೆ ಸವಾಲು ಹಾಕಿದರು. ಮುಂದೆ ಡಿಜಿಟಲ್ ವ್ಯವಹಾರ ಬಂದಾಗ ರಹಸ್ಯ ಸಂಖ್ಯೆ ಬೇಡವೆಂದವರೂ ಗ್ರಾಹಕ ಮಹಿಳೆಯರೇ. ಸಂಖ್ಯೆಯನ್ನು ಯಾರಾದರೂ ಕದಿಯಬಹುದು, ಹೆಬ್ಬೆರಳನ್ನು ಕದಿಯಲಾರರು ಎಂಬುದು ಅವರ ವಾದ. ಅಪಾಯ ಹೊರಗಿನ ಕಳ್ಳನಿಂದ ಮಾತ್ರವಲ್ಲ, ಮನೆಯೊಳಗಿನಿಂದಲೂ ಬರಬಹುದೆಂಬುದನ್ನು ಯಾವ ತಂತ್ರಜ್ಞನಿಗಿಂತಲೂ ಚೆನ್ನಾಗಿ ಅವರು ಅರಿತಿದ್ದರು.

ಸೇವೆಯ ವಿನ್ಯಾಸ ಇಲ್ಲಿಂದಲೇ ಆರಂಭವಾಗಬೇಕು. ಫೋನು ಗಂಡನದೋ ಮಗನದೋ ಆಗಿದ್ದಲ್ಲಿ "ನಿಮ್ಮ ಉಳಿತಾಯ ಇಷ್ಟಾಯಿತು" ಎಂಬ ಒಂದು ಸಂದೇಶವೇ ಆ ಉಳಿತಾಯಕ್ಕೆ ಮುಳುವಾದೀತು. ಮೊತ್ತವನ್ನು ಸಂದೇಶದಲ್ಲಿ ತೋರಿಸಕೂಡದು. ಮಹಿಳೆಯೇ ತನಗೆ ಅನುಕೂಲವಾದ ಸಮಯದಲ್ಲಿ ಮಿಸ್ಡ್ ಕಾಲ್ ಕೊಟ್ಟಾಗ ಮರಳಿ ಕರೆ ಬಂದು, ಕನ್ನಡದ ದನಿಯಲ್ಲಿ ಎರಡು ಮೂರು ನಿಮಿಷದ ಪಾಠ ಕೇಳಿಸುವ ವ್ಯವಸ್ಥೆ ಗುಂಡಿ ಒತ್ತುವ ಸಾಧಾರಣ ಫೋನಿನಲ್ಲೂ ಸಾಧ್ಯ. ಹಣ ಪಾವತಿಗೂ ಇಂತಹ ಫೋನು ಸಾಲುವಂತೆ ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ಯುಪಿಐ 123ಪೇ ಸೌಲಭ್ಯಕ್ಕೆ ಚಾಲನೆ ನೀಡಿತು. ಕಲಬುರ್ಗಿಯ ಕೇಳುಗರಿಗೆ ಮೈಸೂರಿನ ಗ್ರಾಂಥಿಕ ಮಾತು ಕೇಳಿಸಿದರೆ ಪ್ರಯೋಜನವಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪಾಠದ ವಿಷಯವಾದರೂ ಏನು? ಷೇರು, ಮ್ಯೂಚುವಲ್ ಫಂಡ್‌ಗಳ ಪರಿಚಯದಿಂದ ಆರಂಭಿಸುವುದು ಕುದುರೆಯ ಮುಂದೆ ಗಾಡಿ ಕಟ್ಟಿದಂತೆ. ಸಾಲದ ನಿಜವಾದ ಬೆಲೆಯನ್ನು ತಿಳಿಸುವುದೇ ಹೆಚ್ಚು ತುರ್ತಿನದು. ಉದಾಹರಣೆಗೆ, ಹತ್ತು ಸಾವಿರ ರೂಪಾಯಿ ಪಡೆದು ವಾರಕ್ಕೆ ಒಂದು ಸಾವಿರದಂತೆ ಹನ್ನೆರಡು ವಾರ ಕಟ್ಟುವ ಸಾಲವನ್ನು ತೆಗೆದುಕೊಳ್ಳೋಣ. ಮೇಲ್ನೋಟಕ್ಕೆ ಬಡ್ಡಿ ಎರಡು ಸಾವಿರ, ಅಂದರೆ ಶೇ. 20. ಆದರೆ ಅಸಲು ವಾರವಾರವೂ ಕರಗುತ್ತಾ ಹೋಗುವುದರಿಂದಲೂ, ಅವಧಿ ಮೂರು ತಿಂಗಳಿಗಿಂತ ಕಡಿಮೆಯಿರುವುದರಿಂದಲೂ ವಾರ್ಷಿಕ ದರ ಶೇ. 150ನ್ನು ಮೀರುತ್ತದೆ! ಈ ಲೆಕ್ಕವನ್ನು ಸಾಲ ಪಡೆದ ಮೇಲೆ ಹೇಳಿ ಫಲವಿಲ್ಲ. ಶಾಲೆಯ ಶುಲ್ಕ, ಬಿತ್ತನೆ, ಹಬ್ಬಗಳ ಹಿಂದಿನ ವಾರಗಳಲ್ಲಿ ಹೇಳಬೇಕು.

ನಿಯಮಗಳ ಬೆಂಬಲವೂ ಇದೆ. ಡಿಜಿಟಲ್ ಸಾಲದ ಹಣ ನೇರವಾಗಿ ಸಾಲಗಾರರ ಖಾತೆಗೇ ಬರಬೇಕೆಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ವಿಧಿಸಿತು. ವಾರ್ಷಿಕ ದರವನ್ನೊಳಗೊಂಡ ಮುಖ್ಯಾಂಶಗಳ ಪತ್ರವನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ನೀಡುವುದು ಕಡ್ಡಾಯವಾಗಿದೆ. ಮೈಕ್ರೋಫೈನಾನ್ಸ್ ಸಾಲಗಳಲ್ಲಿ ಕುಟುಂಬದ ಒಟ್ಟು ಕಂತುಗಳು ಮಾಸಿಕ ಆದಾಯದ ಅರ್ಧವನ್ನು ಮೀರಕೂಡದೆಂಬುದೂ 2022ರ ನಿಯಮವೇ. ವಸೂಲಿಯ ಹೆಸರಿನ ಕಿರುಕುಳವನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆನ್‌ಲೈನ್ ವಂಚನೆಯಾದಾಗ ಕೂಡಲೇ 1930ಕ್ಕೆ ಕರೆ ಮಾಡಬೇಕು. ಈ ಮಾಹಿತಿ ಕಾಗದದಲ್ಲಿದೆ, ತಲುಪಬೇಕಾದವರಿಗೆ ತಲುಪಿಲ್ಲ.

ಮಾರ್ಗದರ್ಶನ ಮತ್ತು ಮಾರಾಟ ಒಂದೇ ಕೈಯಲ್ಲಿರಬಾರದೆಂಬುದು ಅತ್ಯಂತ ಮಹತ್ವದ ಅಂಶ. ವಿಮೆಯ ಕಮಿಷನ್ ಪಡೆಯುವವರು, ಸಾಲ ವಿತರಿಸುವವರು ಕೊಡುವ ಸಲಹೆ ಎಷ್ಟೇ ಸಿಹಿಯಾಗಿದ್ದರೂ ಅದು ಸಲಹೆಯೆನಿಸದು. ಖರ್ಚನ್ನು ಯಾರು ಭರಿಸಬೇಕೆಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಒಂದು ಕೈಗಾರಿಕಾ ವಸಾಹತಿನ ಹತ್ತಾರು ಘಟಕಗಳು ಕೂಡಿ ಹಂಚಿಕೊಂಡರೆ ಅದು ಭಾರವಾಗಲಾರದು. ಆದರೆ ಯಾವ ಕೆಲಸಗಾರ್ತಿ ಯಾವ ಪಾಠ ಕೇಳಿದಳು, ಎಷ್ಟು ಸಾಲವಿದೆಯೆಂದಳು ಎಂಬ ವಿವರ ಮಾಲೀಕರ ಕಚೇರಿಗೆ ಬರಕೂಡದು. ಬರುತ್ತದೆಂಬ ಗುಮಾನಿ ಹುಟ್ಟಿದ ದಿನವೇ ಕರೆಗಳು ನಿಲ್ಲುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನೂ ಇಲ್ಲಿ ಗಮನದಲ್ಲಿಡಬೇಕು.

ದನಿಯೊಂದೇ ಸಾಲದು, ಮುಖವೂ ಬೇಕು. ಅಹಮದಾಬಾದಿನ ಸೇವಾ ಬ್ಯಾಂಕ್ ಸ್ಥಾಪನೆಯಾದದ್ದು 1974ರಲ್ಲಿ, ತಲಾ ಹತ್ತು ರೂಪಾಯಿಯಂತೆ ನಾಲ್ಕು ಸಾವಿರ ಮಹಿಳೆಯರು ಹಾಕಿದ ಷೇರು ಹಣದಿಂದ. ಅದು ಸಹಿ ಮಾಡಲು ಬಾರದವರ ಗುರುತಿಗೆ ಭಾವಚಿತ್ರವನ್ನು ಬಳಸಿತು. ಮನೆಬಾಗಿಲಿಗೆ ಹೋಗುವ ಕಾರ್ಯಕರ್ತೆಯರನ್ನು ನೆಚ್ಚಿತು. ನಮ್ಮಲ್ಲಿ 2000ದ ಸುಮಾರಿನಿಂದ ಬೆಳೆದ ಸ್ತ್ರೀಶಕ್ತಿ ಗುಂಪುಗಳ ಲೆಕ್ಕ ಬರೆಯುವ ಹೆಣ್ಣುಮಕ್ಕಳು ಈ ಕೆಲಸಕ್ಕೆ ಹೇಳಿ ಮಾಡಿಸಿದವರು. ಮೊದಲ ಭೇಟಿ ಅವರದಾಗಿರಲಿ, ಮುಂದಿನ ಪಾಠಗಳು ಫೋನಿನಲ್ಲಿರಲಿ.

ಪ್ರಯೋಗವನ್ನು ನಲವತ್ತು ಐವತ್ತು ಮಂದಿಯೊಂದಿಗೆ ಆರಂಭಿಸಿ ಮೂರು ತಿಂಗಳು ನಡೆಸಿ ನೋಡಬಹುದು. ಘಟಕಗಳಿಂದ ಅಪೇಕ್ಷಿತವಾದದ್ದು ಇಷ್ಟೇ: ಸಂಬಳವನ್ನು ನಿಗದಿತ ದಿನದಂದು ಆಕೆಯದೇ ಖಾತೆಗೆ ಜಮಾ ಮಾಡುವುದು, ಕಡಿತಗಳ ವಿವರವಿರುವ ಸಂಬಳ ಚೀಟಿಯನ್ನು ಕನ್ನಡದಲ್ಲಿ ಕೊಡುವುದು, ವಾರಕ್ಕೊಮ್ಮೆ ಹದಿನೈದು ನಿಮಿಷ ಬಿಡುವು ನೀಡುವುದು. ಎಷ್ಟು ಮಂದಿ ಹೆಸರು ನೋಂದಾಯಿಸಿದರೆಂಬುದನ್ನು ಯಶಸ್ಸಿನ ಅಳತೆಯಾಗಿ ಹಿಡಿಯುವುದು ಸಲ್ಲದು. ತಿಂಗಳ ಇಪ್ಪತ್ತನೆಯ ತಾರೀಖಿನ ನಂತರ ಘಟಕಕ್ಕೆ ಬರುವ ಮುಂಗಡದ ಬೇಡಿಕೆಗಳನ್ನು ಮೊದಲ ತಿಂಗಳಲ್ಲೊಮ್ಮೆ, ಮೂರನೆಯ ತಿಂಗಳಲ್ಲೊಮ್ಮೆ, ಯಾರ ಹೆಸರನ್ನೂ ಬರೆಯದೆ ಎಣಿಸಿದರೆ ಸಾಕು.