ಅರ್ಜಿ ತೆಲುಗು, ಅಜ್ಜಿ ಕನ್ನಡ: ರಾಯದುರ್ಗದಲ್ಲಿ ಒಂದು ವಾರದ ಸೇವೆ

ರಾಯದುರ್ಗ: ಪಿಂಚಣಿ ಅರ್ಜಿ ತೆಲುಗಿನಲ್ಲಿ, ಅಜ್ಜಿಯ ಮಾತು ಕನ್ನಡದಲ್ಲಿ. ನಡುವೆ ಕುಳಿತು ಅರ್ಜಿ ತುಂಬಿಕೊಟ್ಟವಳು ಮಡಕಶಿರಾ ಕಡೆಯ ಪದವಿ ವಿದ್ಯಾರ್ಥಿನಿ. ಇಲ್ಲಿನ ಕ್ರೈಸ್ತ ಸೇವಾ ಕೇಂದ್ರವೊಂದರಲ್ಲಿ ರಜೆಯ ಒಂದು ವಾರ ಕಳೆದ ಆಕೆಗೆ ಎರಡೂ ಭಾಷೆ ಓದಲು ಬರೆಯಲು ಬರುತ್ತೆ ಅನ್ನೋದೇ ದೊಡ್ಡ ಅರ್ಹತೆಯಾಯಿತು.

ಬೆಳಿಗ್ಗೆ ವೃದ್ಧರ ಮನೆಗೆ ಭೇಟಿ, ಆಸ್ಪತ್ರೆಗೆ ಜೊತೆಗೆ ಹೋಗೋದು. ಸಂಜೆ ಮಕ್ಕಳಿಗೆ ಲೆಕ್ಕದ ಪಾಠ. ಕಣ್ಣು ಮಂಜಾದ ಹಿರಿಯರಿಗೆ ಕನ್ನಡ ಬೈಬಲ್ ಓದಿ ಹೇಳುವ ಕೆಲಸವೂ ಆಕೆಯದೇ. ಮೊಮ್ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡ್ತಾರೆ; ಆದರೆ ಓದುವುದು ತೆಲುಗು, ಇಂಗ್ಲಿಷ್ ಮಾಧ್ಯಮದಲ್ಲಿ, ಕನ್ನಡ ಅಕ್ಷರ ಗೊತ್ತಿಲ್ಲ.

ಆ ಪುಸ್ತಕಕ್ಕೂ ಈ ಸೀಮೆಗೂ ಹಳೆಯ ನಂಟು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಬೈಬಲ್ ಅನುವಾದಕ್ಕೆ ಕೈ ಹಾಕಿದರು. 1831ರ ಹೊತ್ತಿಗೆ ಪೂರ್ಣ ಬೈಬಲ್ ಕನ್ನಡದಲ್ಲಿ ಬಂತು. ಆಗ ರಾಯದುರ್ಗವೂ ಬಳ್ಳಾರಿ ಜಿಲ್ಲೆಯದೇ. 1953ರ ಅಕ್ಟೋಬರ್ 1ರಂದು ಅದು ಆಂಧ್ರಕ್ಕೆ ಸೇರಿತು.

ಊರಿಗೆ ಮರಳುವ ದಾರಿಯೂ ಎರಡು ಭಾಷೆಯದ್ದೇ. ರಾಯದುರ್ಗದಿಂದ ಕಲ್ಯಾಣದುರ್ಗ, ಅಲ್ಲಿಂದ ಕರ್ನಾಟಕದ ಪಾವಗಡ, ಮತ್ತೆ ಬಸ್ ಬದಲಿಸಿದರೆ ಆಂಧ್ರದ ಮಡಕಶಿರಾ. ಬಸ್ಸಿನ ಬೋರ್ಡು ತೆಲುಗಿನಿಂದ ಕನ್ನಡಕ್ಕೆ, ಮತ್ತೆ ತೆಲುಗಿಗೆ ಬದಲಾಗುತ್ತೆ. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮೇಲೆ ಈ ಎರಡು ಊರಿಗೆ ಜಿಲ್ಲೆಯೂ ಬೇರೆ ಬೇರೆ.

ಮುಂದಿನ ರಜೆಗೆ ಬಂದರೆ ಲೆಕ್ಕದ ಜೊತೆ ಕನ್ನಡ ಅಕ್ಷರವನ್ನೂ ಹೇಳಿಕೊಡಬೇಕು ಅನ್ನೋದು ವಿದ್ಯಾರ್ಥಿನಿಯ ಯೋಚನೆ. ಹಾಗಾದರೆ ಅಜ್ಜಿಗೆ ಮೊಮ್ಮಗನೇ ಓದಿ ಹೇಳಬಹುದು.