ಹಳೇ ಕಾರು ಮಾರೋ ಮುನ್ನ ಒಂದ್ಸಲ ಲೆಕ್ಕ ಹಾಕಿ

ಬೆಂಗಳೂರಲ್ಲೋ ಪುಣೆಯಲ್ಲೋ ಕೆಲಸ ಸಿಕ್ಕಿ ಎರಡು ವರ್ಷ ಆಯ್ತು ಅಂದ್ರೆ ಊರಿನಿಂದ ಬರೋ ಪ್ರಶ್ನೆ ಎರಡೇ. ಮದುವೆ ಯಾವಾಗ? ಹೊಸ ಕಾರು ಯಾವಾಗ? ಮೊದಲನೇದಕ್ಕೆ ನಮ್ಮ ಹತ್ತಿರ ಉತ್ತರ ಇಲ್ಲ. ಎರಡನೇದಕ್ಕೆ ಇದೆ: ಅಪ್ಪನ ಹಳೇ ಕಾರು ಇನ್ನೂ ಚೆನ್ನಾಗಿ ಓಡ್ತಿದ್ರೆ, ಅವಸರ ಬೇಡ.

ಕಂತಿಲ್ಲದ ನೆಮ್ಮದಿ

8 ಲಕ್ಷ ರೂಪಾಯಿ ಸಾಲ, ಶೇ 9 ಬಡ್ಡಿ, 7 ವರ್ಷದ ಅವಧಿ ಅಂತ ಇಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 12,870 ರೂಪಾಯಿ. ಕೊನೆಗೆ ಬಡ್ಡಿಯೊಂದೇ 2.8 ಲಕ್ಷ ದಾಟುತ್ತದೆ. ಕರ್ನಾಟಕದಲ್ಲಿ 5ರಿಂದ 10 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಜೀವಿತಾವಧಿ ತೆರಿಗೆ ಶೇ 14, ಅದರ ಮೇಲೆ ಸೆಸ್ ಬೇರೆ. ಹಳೇ ಕಾರಿಗೆ ಇದೆಲ್ಲ ಎಂದೋ ಕಟ್ಟಿ ಆಗಿದೆ.

ಇನ್ನೊಂದು ಮಾತು. ವಿಮೆ ಕಂಪನಿಯ ಲೆಕ್ಕದಲ್ಲಿ ಹೊಸ ಕಾರಿನ ಬೆಲೆ ಐದು ವರ್ಷ ತುಂಬುವಾಗ ಅರ್ಧಕ್ಕೆ ಇಳಿದಿರುತ್ತದೆ. ನಿಮ್ಮ ಕಂತು ಮಾತ್ರ ಇನ್ನೂ ಎರಡು ವರ್ಷ ಬಾಕಿ! ಹಳೇ ಕಾರು ಬೆಲೆ ಕಳ್ಕೊಳ್ಳೋದಿದ್ರೆ ಅದನ್ನ ಆಗಲೇ ಕಳ್ಕೊಂಡಿದೆ.

ಊರಿನ ಓಣಿಗೆ ಹೇಳಿ ಮಾಡಿಸಿದ್ದು

ದೇಸಾಯರ ವಾಡೆಗೆ ಹೆಸರಾದ ಚಚಡಿಯನ್ನೇ ತಗೊಳ್ಳಿ, ಬೈಲಹೊಂಗಲ, ಸವದತ್ತಿ, ರಾಮದುರ್ಗ ಕಡೆಯ ಯಾವ ಊರನ್ನೇ ತಗೊಳ್ಳಿ. ಒಳಗಿನ ಓಣಿಗಳು ಎತ್ತಿನ ಗಾಡಿಯ ಕಾಲದವು. ಕಬ್ಬಿನ ಹಂಗಾಮಿನಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂದ್ರೆ ಗೋಡೆಗೆ ಒರಸಿಕೊಂಡೇ ನಿಲ್ಲಬೇಕು. ಮಾರುತಿ 800ರ ಉದ್ದ ಮೂರೂಕಾಲು ಮೀಟರಿಗಿಂತ ತುಸು ಹೆಚ್ಚು, ತೂಕ ಸುಮಾರು 650 ಕಿಲೋ. ಸಂದಿಯಲ್ಲಿ ತಿರುಗುತ್ತದೆ, ಎರಿ ಮಣ್ಣಿನಲ್ಲಿ ಸಿಕ್ಕಿಬಿದ್ರೆ ನಾಲ್ಕು ಮಂದಿ ನೂಕಿ ಎತ್ತಬಹುದು. ಒಂದು ಗೀರು ಬಿತ್ತು ಅಂತ ಯಾರೂ ರಾತ್ರಿ ನಿದ್ದೆಗೆಡೋದಿಲ್ಲ.

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಈ ಕಾರಿನ ಉತ್ಪಾದನೆ ನಿಂತಿದ್ದು 2014ರ ಜನವರಿಯಲ್ಲಿ. ಮೂವತ್ತು ವರ್ಷ ಒಂದೇ 796 ಸಿಸಿ, ಮೂರು ಸಿಲಿಂಡರ್‌ನ ಎಂಜಿನ್ ನೋಡಿದ ಮೆಕ್ಯಾನಿಕ್‌ಗಳು ತಾಲ್ಲೂಕಿನ ಪೇಟೆಗಳಲ್ಲಿ ಈಗಲೂ ಸಿಗ್ತಾರೆ. ಕ್ಲಚ್ ವಾಯರ್, ಫ್ಯಾನ್ ಬೆಲ್ಟ್, ಪ್ಲಗ್ ಬದಲಿಸೋಕೆ ಲ್ಯಾಪ್‌ಟಾಪ್ ಬೇಕಿಲ್ಲ. ಹೊಸ ಕಾರಿನಲ್ಲಿ ಒಂದು ಸೆನ್ಸರ್ ಕೈಕೊಟ್ಟರೆ ಬೆಳಗಾವಿಯ ಇಲ್ಲವೇ ಹುಬ್ಬಳ್ಳಿಯ ಸರ್ವಿಸ್ ಸೆಂಟರ್ ದಾರಿ ಹಿಡಿಯಬೇಕಾಗಬಹುದು.

15 ವರ್ಷ ಆದ್ರೆ ಗುಜರಿಗೇನಾ?

ಅಲ್ಲ. ಹತ್ತು, ಹದಿನೈದು ವರ್ಷದ ನಿರ್ಬಂಧದ ಸುದ್ದಿ ಬರೋದು ದೆಹಲಿ ಸುತ್ತಮುತ್ತಲಿನಿಂದ. ನಮ್ಮಲ್ಲಿ ಖಾಸಗಿ ಕಾರಿಗೆ 15 ವರ್ಷ ತುಂಬಿದಾಗ ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ, ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬಹುದು. ಕೆಎ-24 ಗಾಡಿಯವರಿಗೆ ಕಚೇರಿ ಬೈಲಹೊಂಗಲದಲ್ಲೇ ಇದೆ. ನವೀಕರಣ ಶುಲ್ಕ 5,000 ರೂಪಾಯಿ. 20 ವರ್ಷ ದಾಟಿದ ಕಾರಿಗೆ 2025ರಿಂದ 10,000 ರೂಪಾಯಿ. ಜೊತೆಗೆ ಹಸಿರು ತೆರಿಗೆ. ಅವಧಿ ಮುಗಿಯುವ 60 ದಿನ ಮೊದಲಿನಿಂದಲೇ ಅರ್ಜಿ ಹಾಕಬಹುದು. ತಡವಾದ್ರೆ ತಿಂಗಳಿಗೆ 500 ರೂಪಾಯಿ ದಂಡ ಬೀಳುತ್ತದೆ. ಎಲ್ಲ ಕೂಡಿಸಿದರೂ ಹೊಸ ಕಾರಿನ ಒಂದೆರಡು ಕಂತಿನಷ್ಟೂ ಆಗೋದು ಕಷ್ಟ.

ಆದ್ರೆ ಇಲ್ಲಿ ಹಠ ಬೇಡ

ಸುರಕ್ಷತೆಯಲ್ಲಿ ಹೊಸ ಕಾರೇ ಮೇಲು. ಎಬಿಎಸ್ ಮತ್ತು ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದ್ದು 2019ರಲ್ಲಿ. ಅದಕ್ಕಿಂತ ಹಳೆಯ ಎಷ್ಟೋ ಕಾರುಗಳಲ್ಲಿ ಇವೆರಡೂ ಇಲ್ಲ. ವಾರ ವಾರ ಮಕ್ಕಳನ್ನ ಕೂರಿಸಿಕೊಂಡು ಹೆದ್ದಾರಿಯಲ್ಲಿ ರಾತ್ರಿ ಪ್ರಯಾಣ ಮಾಡೋರಾದ್ರೆ ಲೆಕ್ಕ ಬದಲಾಗುತ್ತದೆ. ಆಗ ಉಳಿತಾಯದ ಮಾತು ಪಕ್ಕಕ್ಕಿಡಿ. ತೀರಾ ಹೊಸದೇ ಆಗಬೇಕಿಲ್ಲ, ಏರ್‌ಬ್ಯಾಗ್ ಇರುವ ನಾಲ್ಕೈದು ವರ್ಷದ ಕಾರೂ ಆಗುತ್ತೆ.

ಊರಿನ ಕಾರು ಇಟ್ಟುಕೊಳ್ಳೋದೇ ಆದ್ರೆ ಮುಂದಿನ ಸಲ ಹೋದಾಗ ಇಷ್ಟು ನೋಡಿ:

• ಟೈರ್ ಮೇಲಿನ ಕೊನೆಯ ನಾಲ್ಕು ಅಂಕಿ. 2319 ಅಂದ್ರೆ 2019ರ 23ನೇ ವಾರ ತಯಾರಾದದ್ದು. ಗುಂಡಿ ಸವೆಯದಿದ್ರೂ ಆರು ವರ್ಷ ದಾಟಿದ್ರೆ ಬದಲಿಸೋದು ಒಳ್ಳೇದು.
• ಪೆಟ್ರೋಲ್ ಪೈಪು, ರಬ್ಬರ್ ಸೀಲು. ಈಗ ಬಂಕಿನಲ್ಲಿ ಸಿಗೋದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ನಮ್ಮ ಕಬ್ಬಿನಿಂದಲೂ ಆಗೋ ಎಥನಾಲ್ ಹಳೇ ರಬ್ಬರಿಗೆ ಅಷ್ಟು ಒಗ್ಗೋದಿಲ್ಲ.
• ಬ್ರೇಕ್, ಸೀಟ್ ಬೆಲ್ಟ್, ಹೆಡ್‌ಲೈಟ್. ಇದರಲ್ಲಿ ಚೌಕಾಸಿ ಬೇಡ.
• ಥರ್ಡ್ ಪಾರ್ಟಿ ವಿಮೆ. 2022ರಲ್ಲಿ ನಿಗದಿಯಾದ ದರದಂತೆ 1000 ಸಿಸಿ ಒಳಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, ಮೇಲೆ ಜಿಎಸ್‌ಟಿ. ಇದನ್ನ ತಪ್ಪಿಸಿದ್ರೆ ಒಂದು ಅಪಘಾತಕ್ಕೆ ಹೊಲ ಮಾರಬೇಕಾದೀತು.

ಉಳಿಯೋದು ‘ಮಂದಿ ಏನಂತಾರ’ ಅನ್ನೋ ಮಾತು. ಯಲ್ಲಮ್ಮನ ಜಾತ್ರೆಗೆ ಹಳೇ ಕಾರಲ್ಲಿ ಬಂದ್ರಿ ಅಂತ ಯಾರೋ ಒಂದು ದಿನ ಆಡಿಕೊಳ್ಳಬಹುದು. ಅವರ್ಯಾರೂ ನಿಮ್ಮ ಕಂತು ಕಟ್ಟೋದಿಲ್ಲ. ತಿಂಗಳಿಗೆ ಉಳಿಯೋ ಆ ಹನ್ನೆರಡು ಸಾವಿರ ಅವ್ವನ ಔಷಧಕ್ಕೋ, ತಂಗಿಯ ಓದಿಗೋ, ಕೆಲಸ ಹೋದ್ರೆ ಆರು ತಿಂಗಳ ಅನ್ನಕ್ಕೋ ಆಗುತ್ತದೆ. ಹೊಸ ಕಾರು ಬೇಕೇ ಬೇಕು ಅನ್ನಿಸಿದ್ರೆ ಒಂದು ವರ್ಷ ಆ ಕಂತನ್ನ ಬ್ಯಾಂಕಿನಲ್ಲಿ ಆರ್‌ಡಿ ಕಟ್ಟಿ ನೋಡಿ. ಸಲೀಸಾಗಿ ಕಟ್ಟಿದ್ರಿ ಅಂದ್ರೆ ಕೈಯಲ್ಲಿ ಒಂದೂವರೆ ಲಕ್ಷ ಇರುತ್ತೆ, ಸಾಲವೂ ಅಷ್ಟು ಕಡಿಮೆ ಆಗುತ್ತೆ. ಆಗ ಧೈರ್ಯವಾಗಿ ಶೋರೂಮಿಗೆ ಹೋಗಿ.